‘ಬಿಲ್’ ಎಂದರೆ ಯಾವ ಬಿಲ್?

ಅಂಗಡಿಯಲ್ಲಿ ‘ಬಿಲ್ ಕೊಡಿ’ ಎಂದರೆ ಸಂದೇಹಕ್ಕೆ ಆಸ್ಪದವಿಲ್ಲ. ವಿಧಾನಮಂಡಲದಲ್ಲಿ ಅದೇ ಪದ ಮಸೂದೆ; ಹಕ್ಕಿಗಾದರೆ ಕೊಕ್ಕು! ವರ್ತಕರು ಎಚ್ಚರ ವಹಿಸಬೇಕಾದುದು ಕಾಗದಪತ್ರಗಳಲ್ಲಿ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 5ನೇ ಪ್ರಕರಣ ವಿವರಿಸುವ ‘ಬಿಲ್ ಆಫ್ ಎಕ್ಸ್‌ಚೇಂಜ್’ ಸರಕಿನ ಪಟ್ಟಿಯಲ್ಲ; ಇಂತಹವರಿಗೆ ಇಷ್ಟು ಹಣ ಕೊಡತಕ್ಕದ್ದೆಂದು ಬರೆದು ಸಹಿ ಮಾಡಿದ, ಷರತ್ತಿಲ್ಲದ ಆದೇಶ. ನಮ್ಮ ಹಳೆಯ ಹುಂಡಿಯ ಬಂಧು ಎನ್ನಬಹುದು. ಹಣ ಕೊಡಬೇಕಾದವನು ಅದರ ಮೇಲೆ ಒಪ್ಪಿಗೆಯ ಸಹಿ ಹಾಕಿದೊಡನೆ ಆ ಮೊತ್ತಕ್ಕೆ ಹೊಣೆಗಾರನಾಗುತ್ತಾನೆ. ಸರಕು ತಲುಪಿದ ರಸೀದಿಯೆಂದು ಭಾವಿಸಿ ಸಹಿ ಮಾಡುವುದು ಅಪಾಯಕರ. ‘ಬಿಲ್ ಆಫ್ ಲೇಡಿಂಗ್’ ಹಡಗಿನವರು ಸರಕು ಪಡೆದುದಕ್ಕೆ ಕೊಡುವ ಪತ್ರ. 2017ರಲ್ಲಿ ಜಿಎಸ್‌ಟಿಯೊಡನೆ ಬಂದ ‘ಬಿಲ್ ಆಫ್ ಸಪ್ಲೈ’ಯನ್ನು ಕಾಂಪೊಸಿಷನ್ ಪದ್ಧತಿಯವರೂ ತೆರಿಗೆ ವಿನಾಯಿತಿಯ ಸರಕು ಮಾರುವವರೂ ಕೊಡುತ್ತಾರೆ, ಅದನ್ನು ಆಧರಿಸಿ ಖರೀದಿದಾರರು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಲಾಗದು.