ಈ ಅಂಕಿಯನ್ನು ಯಾರು, ಯಾರಿಂದ ಕೇಳಿ ಬರೆದುಕೊಂಡರು?

"ಮೇಡಂ, ಫೀಲ್ಡ್‌ವರ್ಕ್‌ಗೆ ದುಡ್ಡೂ ಇಲ್ಲ, ಟೈಮೂ ಇಲ್ಲ. ಸೆಕೆಂಡರಿ ಡೇಟಾ ಇಟ್ಕೊಂಡೇ ಥೀಸಿಸ್ ಮುಗಿಸಿಬಿಡ್ತೀನಿ" ಎಂದು ಸಂಶೋಧನಾ ವಿದ್ಯಾರ್ಥಿಗಳು ಆಗಾಗ ಹೇಳುತ್ತಾರೆ. ಖಂಡಿತ ಮಾಡಬಹುದು. ಜನಗಣತಿ, ರಾಷ್ಟ್ರೀಯ ಮಾದರಿ ಸಮೀಕ್ಷೆ, ಕುಟುಂಬ ಆರೋಗ್ಯ ಸಮೀಕ್ಷೆ, ಶಾಲೆಗಳ ಯು-ಡೈಸ್, ಹೀಗೆ ನಮ್ಮಲ್ಲಿ ದತ್ತಾಂಶಕ್ಕೆ ಬರವಿಲ್ಲ, ಬಹುಪಾಲು ಉಚಿತವಾಗಿಯೇ ಸಿಗುತ್ತದೆ. ನಾನೂ ಇದು ಸುಲಭದ ದಾರಿ ಎಂದುಕೊಂಡೇ ಇಳಿದವಳು. ಎಲ್ಲೆಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಿಂದೆ ಬರುವವರಿಗೆ ಒಂದಷ್ಟು ಸಮಯ ಉಳಿದೀತು.

1. ಫೈಲು ಹುಡುಕುವ ಮೊದಲು ಖಾಲಿ ಕೋಷ್ಟಕ ಬರೆಯಿರಿ

ಮೊದಲ ವರ್ಷ ಸಿಕ್ಕಿದ್ದೆಲ್ಲ ಡೌನ್‌ಲೋಡ್ ಮಾಡಿದೆ. ಕಂಪ್ಯೂಟರ್ ತುಂಬಿತು, ಪ್ರಶ್ನೆ ಮಾತ್ರ ಹುಟ್ಟಲಿಲ್ಲ. ಈಗ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯುತ್ತೇನೆ. ಅದರ ಕೆಳಗೆ ಅಡ್ಡಸಾಲು, ಕಂಬಸಾಲುಗಳಿಗೆ ತಲೆಬರಹ ಕೊಟ್ಟು, ಅಂಕಿಯ ಜಾಗ ಖಾಲಿ ಬಿಟ್ಟ ಒಂದು ಕೋಷ್ಟಕ. ಆ ಖಾಲಿ ಮನೆಗಳನ್ನು ತುಂಬಲು ಏನು ಬೇಕೋ ಅದನ್ನಷ್ಟೇ ಹುಡುಕುವುದು.

2. ಜಿಲ್ಲೆಯ ಹೆಸರು ಅದೇ ಇದ್ದರೂ ಜಿಲ್ಲೆ ಅದೇ ಇರುವುದಿಲ್ಲ

1991 ಮತ್ತು 2001ರ ಜನಗಣತಿಯನ್ನು ಅಕ್ಕಪಕ್ಕ ಇಟ್ಟು ನೋಡುವಾಗ ಚಿತ್ರದುರ್ಗದ ಜನಸಂಖ್ಯೆ ಸುಮಾರು 22 ಲಕ್ಷದಿಂದ 15 ಲಕ್ಷಕ್ಕೆ ಇಳಿದಿತ್ತು. ಬರ, ಗುಳೆ ಎಂದೆಲ್ಲ ವಿವರಣೆ ಕೊಟ್ಟು ಎರಡು ಪುಟ ಬರೆದೇಬಿಟ್ಟೆ. ಹಿರಿಯರೊಬ್ಬರು ಓದಿ, "ದಾವಣಗೆರೆ ಎಲ್ಲಿ ಹೋಯ್ತಮ್ಮ?" ಎಂದು ಕೇಳಿದರು. 1997ರಲ್ಲಿ ರಾಜ್ಯದಲ್ಲಿ ಏಳು ಹೊಸ ಜಿಲ್ಲೆಗಳಾದವು. ಆಗ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗದಿಂದ ಬೇರೆಯಾಗಿದ್ದವು. ಜನ ಎಲ್ಲೂ ಹೋಗಿರಲಿಲ್ಲ, ಗಡಿ ಸರಿದಿತ್ತು.

ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. 1997ರವರೆಗೆ ಬಳ್ಳಾರಿ ಜಿಲ್ಲೆ. ಆಮೇಲೆ ಎರಡು ದಶಕ ದಾವಣಗೆರೆ. ಸಂವಿಧಾನದ 371-ಜೆ ವಿಧಿಯ ವಿಶೇಷ ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ ಮತ್ತೆ ಬಳ್ಳಾರಿ. 2021ರಿಂದ ವಿಜಯನಗರ. ಮನೆಗಳು ಅವೇ, ಹೊಲಗಳು ಅವೇ, ಆದರೆ ಯಾವ ವರ್ಷದ ವರದಿ ತೆಗೆದಿರಿ ಎಂಬುದರ ಮೇಲೆ ಅವು ಬೇರೆ ಬೇರೆ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತವೆ. 2001ರಲ್ಲಿ ಕರ್ನಾಟಕದಲ್ಲಿ 27 ಜಿಲ್ಲೆ, 2011ರಲ್ಲಿ 30, ಈಗ 31. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದಿರುವಿಕೆಯನ್ನು ಅಳೆದದ್ದು ಆಗಿದ್ದ 175 ತಾಲ್ಲೂಕುಗಳಲ್ಲಿ. ಇವತ್ತಿನ ತಾಲ್ಲೂಕು ಪಟ್ಟಿಯನ್ನು ಅದಕ್ಕೆ ನೇರವಾಗಿ ಹೊಂದಿಸಲು ಬರುವುದಿಲ್ಲ. ಜನಗಣತಿಯ ಎ-2 ಕೋಷ್ಟಕದಲ್ಲಿ 1901ರಿಂದೀಚಿನ ಜನಸಂಖ್ಯೆಯನ್ನು ಆಯಾ ಗಣತಿಯ ಗಡಿಗೆ ಹೊಂದಿಸಿ ಕೊಟ್ಟಿರುತ್ತಾರೆ. ನನಗೆ ಅದು ಮೊದಲೇ ಗೊತ್ತಿದ್ದರೆ ಆ ಎರಡು ಪುಟ ಬರೆಯುತ್ತಿರಲಿಲ್ಲ.

3. ಅಡಿಟಿಪ್ಪಣಿಯನ್ನು ಮೊದಲು ಓದಿ, ಅಂಕಿಯನ್ನು ಆಮೇಲೆ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36. ಇದು ಏಳು ವರ್ಷ ತುಂಬಿದವರ ಲೆಕ್ಕ. ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಲು, ಬರೆಯಲು ಬರುತ್ತದೆ ಎಂದು ಮನೆಯವರು ಹೇಳಿದರೆ ಸಾಕು, ಯಾರೂ ಓದಿಸಿ ನೋಡುವುದಿಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಿಳೆಯರ ಸಾಕ್ಷರತೆ 15ರಿಂದ 49 ವರ್ಷದವರದು. ಒಂಬತ್ತನೇ ತರಗತಿ ಮುಗಿಸಿದವರನ್ನು ಸಾಕ್ಷರರೆಂದೇ ಹಿಡಿಯುತ್ತಾರೆ, ಉಳಿದವರ ಕೈಗೆ ವಾಕ್ಯ ಬರೆದ ಕಾರ್ಡು ಕೊಟ್ಟು ಓದಿಸುತ್ತಾರೆ. ಪೂರ್ತಿ ಓದಿದರೂ ಸೈ, ಒಂದು ಭಾಗ ಓದಿದರೂ ಸೈ. ಎರಡಕ್ಕೂ ಸಾಕ್ಷರತೆ ಎಂದೇ ಹೆಸರು. ಎರಡನ್ನೂ ಒಂದೇ ಗೆರೆಯ ಮೇಲೆ ಇಟ್ಟು ಹತ್ತು ವರ್ಷದ ಪ್ರಗತಿ ಎಂದು ನಕ್ಷೆ ಬರೆದವಳು ನಾನು. ಹಿಂದಕ್ಕೆ ಹೋದರೂ ಇದೇ ಪಾಡು: 1981ರವರೆಗೆ ಐದು ವರ್ಷ ಮೇಲ್ಪಟ್ಟವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು, 1991ರಿಂದ ಏಳು ವರ್ಷ.

4. ಅಚ್ಚಾದ ವರದಿಯ ಒಂದು ಅಂಕಿಯನ್ನು ನೀವೇ ತೆಗೆದು ತೋರಿಸಿ

ಮಾದರಿ ಸಮೀಕ್ಷೆಯ ಮೂಲ ಫೈಲು ತೆರೆದರೆ ಕಾಣುವುದು ಅಂತರವೇ ಇಲ್ಲದ ಅಂಕಿಗಳ ಉದ್ದುದ್ದ ಸಾಲು. ಎಷ್ಟನೇ ಅಂಕಿಯಿಂದ ಎಷ್ಟನೆಯದರವರೆಗೆ ಜಿಲ್ಲೆ, ಎಲ್ಲಿ ವಯಸ್ಸು ಎಂಬುದನ್ನು ಬೇರೊಂದು ಲೇಔಟ್ ಹಾಳೆ ನೋಡಿ ಬಿಡಿಸಿಕೊಳ್ಳಬೇಕು. ಅಷ್ಟು ಮಾಡಿದ ಖುಷಿಯಲ್ಲಿ ನೇರವಾಗಿ ಸರಾಸರಿ ತೆಗೆದೆ. ಸಾಲಿನ ಕೊನೆಯಲ್ಲಿದ್ದ ಮಲ್ಟಿಪ್ಲೈಯರನ್ನು ಮುಟ್ಟಲೇ ಇಲ್ಲ. ಆಯ್ದುಕೊಂಡ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂದು ಹೇಳುವ ಅಂಕಿ ಅದು. ಅದನ್ನು ಬಿಟ್ಟರೆ ನಮ್ಮ ಲೆಕ್ಕ ಆ ಸಾವಿರಾರು ಮನೆಗಳದ್ದಷ್ಟೇ, ರಾಜ್ಯದ್ದಲ್ಲ. ಹಲವು ಸುತ್ತುಗಳಲ್ಲಿ ಎನ್‌ಎಸ್‌ಎಸ್, ಎನ್‌ಎಸ್‌ಸಿ ಎಂಬ ಎರಡು ಅಂಕಣ ಇರುತ್ತವೆ. ಅವೆರಡೂ ಒಂದೇ ಆಗಿದ್ದರೆ ಮಲ್ಟಿಪ್ಲೈಯರನ್ನು 100ರಿಂದ, ಇಲ್ಲದಿದ್ದರೆ 200ರಿಂದ ಭಾಗಿಸಬೇಕು. ಈ ಸಣ್ಣ ಸೂಚನೆ ಒಂದು ಟಿಪ್ಪಣಿ ಫೈಲಿನಲ್ಲಿ ಇದ್ದೇ ಇರುತ್ತದೆ, ತೆರೆದು ನೋಡುವ ತಾಳ್ಮೆ ಬೇಕು.

ಆರೋಗ್ಯ ಸಮೀಕ್ಷೆಯ ಫೈಲಿನಲ್ಲಿ ಇನ್ನೊಂದು ಪಾಠ ಕಾದಿತ್ತು. ಅಲ್ಲಿ ಬಿಎಂಐ 18.52 ಇದ್ದರೆ 1852 ಎಂದು ದಾಖಲಾಗಿರುತ್ತದೆ. ಅಳತೆ ನಂಬಲು ಬಾರದಂತಿದ್ದರೆ 9998. ನನ್ನ ಸರಾಸರಿ ಯಾವ ಮನುಷ್ಯರಿಗೂ ಹೊಂದದಷ್ಟು ಮೇಲೆ ಹೋದಾಗಲೇ ಆ 9998ಗಳು ಕಣ್ಣಿಗೆ ಬಿದ್ದದ್ದು. ಅವು ಇನ್ನಷ್ಟು ಕಡಿಮೆ ಇದ್ದಿದ್ದರೆ ಸರಾಸರಿ ಸ್ವಲ್ಪವೇ ಏರುತ್ತಿತ್ತು, ನಾನು ಅದನ್ನೇ ನಂಬಿ ಮುಂದೆ ಹೋಗುತ್ತಿದ್ದೆ. ಈಗ ಯಾವ ಹೊಸ ಫೈಲು ಸಿಕ್ಕಿದರೂ ವರದಿಯಲ್ಲಿ ಅಚ್ಚಾಗಿರುವ ಒಂದು ಅಂಕಿ ನನ್ನ ಲೆಕ್ಕದಲ್ಲೂ ದಶಾಂಶದವರೆಗೆ ಬರುವ ತನಕ ಸ್ವಂತ ಪ್ರಶ್ನೆಗೆ ಕೈ ಹಾಕುವುದಿಲ್ಲ.

5. ಬೇಚರಾಕ್ ಹಳ್ಳಿಗಳನ್ನು ಎಣಿಸಬೇಡಿ

2011ರ ಪಟ್ಟಿಯಲ್ಲಿ ಕರ್ನಾಟಕದ ಗ್ರಾಮಗಳು 29,340. ಜನವಸತಿ ಇರುವವು 27,397. ಉಳಿದವು ಬೇಚರಾಕ್: ಸರ್ವೆ ನಂಬರು ಇದೆ, ಒಕ್ಕಲಿಲ್ಲ. ಅವನ್ನೂ ಸೇರಿಸಿ ಶಾಲೆ ಇಲ್ಲದ ಹಳ್ಳಿಗಳ ಪ್ರಮಾಣ ತೆಗೆದರೆ ಅಂಕಿ ಸುಮ್ಮನೆ ಉಬ್ಬುತ್ತದೆ. ಹಾಗೆಯೇ ಹಳ್ಳಿಗಳನ್ನು ಹೆಸರು ನೋಡಿ ಜೋಡಿಸಬೇಡಿ, ಕೋಡ್ ನೋಡಿ. ಒಂದೇ ತಾಲ್ಲೂಕಿನಲ್ಲಿ ಎರಡು ಹೊಸಹಳ್ಳಿ ಇರುತ್ತವೆ.

6. ಪ್ರಶ್ನೆ ಬದಲಾದರೆ ಬಡತನವೂ ಬದಲಾಗುತ್ತದೆ

ಇದನ್ನು ನನಗೆ ಕಲಿಸಿದ್ದು 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 55ನೇ ಸುತ್ತು. ಅದಕ್ಕೂ ಹಿಂದಿನ ದೊಡ್ಡ ಸುತ್ತುಗಳಲ್ಲಿ "ಕಳೆದ 30 ದಿನದಲ್ಲಿ ಅಕ್ಕಿ ಎಷ್ಟು, ಬೇಳೆ ಎಷ್ಟು" ಎಂದು ಕೇಳುತ್ತಿದ್ದರು. 55ನೇ ಸುತ್ತಿನಲ್ಲಿ ಒಂದೇ ಹಾಳೆಯಲ್ಲಿ 7 ದಿನದ ಲೆಕ್ಕವನ್ನೂ 30 ದಿನದ ಲೆಕ್ಕವನ್ನೂ ಕೇಳಿದರು. ವಾರದ ಉತ್ತರ ಬಾಯಿಗೆ ಬಂದ ಮೇಲೆ ತಿಂಗಳ ಉತ್ತರ ಅದಕ್ಕೆ ಹೊಂದಿಕೊಳ್ಳದೆ ಇರುವುದು ಕಷ್ಟ. ದೇಶದ ಬಡತನ 1993-94ರ ಶೇ. 36ರಿಂದ ಶೇ. 26ಕ್ಕೆ ಇಳಿಯಿತು ಎಂದು ಅಧಿಕೃತ ಲೆಕ್ಕ ಬಂತು. ವರ್ಷಗಟ್ಟಲೆ ಚರ್ಚೆ ನಡೆಯಿತು. ಆಂಗಸ್ ಡೀಟನ್, ಜೀನ್ ಡ್ರೀಜ್ ಮುಂತಾದ ಅರ್ಥಶಾಸ್ತ್ರಜ್ಞರು ಲೆಕ್ಕವನ್ನು ಬಿಚ್ಚಿ ಮತ್ತೆ ಕಟ್ಟಿದರು. ಬಡತನ ಇಳಿದದ್ದು ಹೌದು, ಅಧಿಕೃತ ಅಂಕಿ ಹೇಳಿದಷ್ಟಲ್ಲ. 2022-23ರ ಬಳಕೆ ವೆಚ್ಚದ ಸಮೀಕ್ಷೆಯಲ್ಲೂ ವಿಧಾನ ಬದಲಾಗಿದೆ: ಒಂದೇ ಮನೆಗೆ ಮೂರು ಸಲ ಹೋಗಿ ಮೂರು ಪ್ರಶ್ನಾವಳಿ ತುಂಬಿಸಿದ್ದಾರೆ. ಅದನ್ನು 2011-12ರ ಪಕ್ಕದಲ್ಲಿಟ್ಟು ಏರಿಕೆ ಇಳಿಕೆ ಮಾತಾಡುವವರು ಎರಡರ ಪ್ರಶ್ನಾವಳಿಯನ್ನೂ ಮೊದಲು ಓದಲೇಬೇಕು.

7. ಬಾಗಿಲಲ್ಲಿ ಉತ್ತರ ಕೊಟ್ಟವರು ಯಾರು?

ಹಳ್ಳಿಯ ಹೆಂಗಸರು ದುಡಿಮೆಯಿಂದ ಹಿಂದೆ ಸರಿಯುತ್ತಿದ್ದಾರೆ ಎಂದು ಒಂದು ಲೇಖನ ಬರೆದಿದ್ದೆ. ಮಾದರಿ ಸಮೀಕ್ಷೆಯ ಅಂಕಿ, ಸರಿಯಾದ ಮಲ್ಟಿಪ್ಲೈಯರ್, ಒಪ್ಪವಾದ ನಕ್ಷೆ, ಎಲ್ಲ ಇತ್ತು. ಆಮೇಲೆ ಒಂದು ಮನೆ ಸಮೀಕ್ಷೆಯ ತಂಡದ ಜೊತೆ ಕೋಲಾರದ ಕಡೆಯ ಹಳ್ಳಿಗೆ ಹೋದೆ. ಜಗಲಿಯ ಮೇಲೆ ಕೂತಿದ್ದ ಯಜಮಾನರನ್ನು ಹುಡುಗ ಕೇಳಿದ, "ಮನೆಯವರು ಏನ್ ಕೆಲ್ಸ ಮಾಡ್ತಾರೆ?" "ಅವಳೇನ್ ಮಾಡ್ತಾಳಪ್ಪ, ಮನೇಲೇ ಇರ್ತಾಳೆ" ಎಂದರು ಅವರು. ಆಕೆ ಆಗಷ್ಟೇ ಕೊಟ್ಟಿಗೆಯಿಂದ ಸಗಣಿ ಬುಟ್ಟಿ ಹೊತ್ತು ತಿಪ್ಪೆಗೆ ಹೋಗಿದ್ದರು. ಎರಡು ಸೀಮೆಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು, ಮಧ್ಯಾಹ್ನ ಹುಲ್ಲು ಕೊಯ್ಲು. ಹುಡುಗ ಹಾಳೆಯಲ್ಲಿ 92 ಎಂದು ಬರೆದ. ಅಂದರೆ ಬರೀ ಮನೆಗೆಲಸ, ಕಾರ್ಮಿಕ ಬಲದಿಂದ ಹೊರಗೆ. ಅದೇ ದುಡಿಮೆಗೆ 21 ಎಂದು ಬರೆದಿದ್ದರೆ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರು ಎಂದು ಲೆಕ್ಕಕ್ಕೆ ಸಿಗುತ್ತಿದ್ದರು. ಅವನದು ದೊಡ್ಡ ತಪ್ಪೆಂದು ನನಗೆ ಅನಿಸಲಿಲ್ಲ, ಅವನು ಕೇಳಿಸಿಕೊಂಡದ್ದನ್ನೇ ಬರೆದ. ತಪ್ಪಿದ್ದು ನನ್ನ ಲೇಖನ. ಒಬ್ಬರ ಬಾಯಿಂದ ಬಂದ ಇನ್ನೊಬ್ಬರ ದುಡಿಮೆಯನ್ನು ನಾನು ನೇರ ಸಾಕ್ಷಿ ಎಂದು ಓದಿದ್ದೆ.

ಪಿಎಲ್‌ಎಫ್‌ಎಸ್ (ಆವರ್ತಕ ಕಾರ್ಮಿಕ ಬಲ ಸಮೀಕ್ಷೆ) ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರ ಕಾರ್ಮಿಕ ಬಲದ ಪಾಲ್ಗೊಳ್ಳುವಿಕೆ 2017-18ರಲ್ಲಿ ಶೇ. 24.6 ಇದ್ದದ್ದು 2023-24ರಲ್ಲಿ ಶೇ. 47.6 ಆಗಿದೆ. ಏರಿಕೆಯ ದೊಡ್ಡ ಪಾಲು ಸ್ವಉದ್ಯೋಗದ್ದು, ಅದರೊಳಗೆ ಈ 21ರವರೂ ಇದ್ದಾರೆ. ಇದರಲ್ಲಿ ಹೊಸದಾಗಿ ಹುಟ್ಟಿದ ದುಡಿಮೆ ಎಷ್ಟು, ಮೊದಲಿಂದ ಇದ್ದು ಈಗ ಬರೆಸಿಕೊಂಡ ದುಡಿಮೆ ಎಷ್ಟು ಎಂಬುದನ್ನು ಆ ಒಂದು ಅಂಕಿಯಿಂದ ಬಿಡಿಸಲಾಗದು. 2019ರ ಮತ್ತು 2024ರ ಸಮಯ ಬಳಕೆ ಸಮೀಕ್ಷೆಗಳು ದಿನದ 24 ಗಂಟೆಯನ್ನು ಅರ್ಧರ್ಧ ಗಂಟೆಯಾಗಿ ಕೇಳುತ್ತವೆ. ಇಂಥ ಪ್ರಶ್ನೆ ಹಿಡಿದವರು ಅವನ್ನೂ ಜೊತೆಗಿಟ್ಟುಕೊಂಡು ಓದಬೇಕು.

ಮುಂದಿನ ಜನಗಣತಿ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡಿದೆ. ಜನಗಣತಿಯಲ್ಲಿ ಮನೆಯ ಬಳಕೆಗೆಂದೇ ಹಾಲು ಕರೆಯುವವರನ್ನೂ ದುಡಿಯುವವರೆಂದು ಎಣಿಸುತ್ತ ಬಂದಿದ್ದಾರೆ. ಗಣತಿಯವರು ನಿಮ್ಮ ಮನೆಗೆ ಬಂದು ಹೆಂಗಸರ ಕೆಲಸ ಕೇಳಿದಾಗ ದಯವಿಟ್ಟು "ಮನೇಲೇ ಇರ್ತಾರೆ" ಎಂದು ಮುಗಿಸಬೇಡಿ. ಅವರನ್ನೇ ಕರೆದು ಅವರ ಬಾಯಿಂದಲೇ ಹೇಳಿಸಿ.