ಗೆದ್ದದ್ದೇ ತಪ್ಪಾಯಿತೆ?

ಪ್ರಶ್ನೆ: ನನ್ನ ಮೊಮ್ಮಗಳು ಅಮೆರಿಕದ ಮಿನೆಸೋಟಾದ ಸಣ್ಣ ಕಾಲೇಜೊಂದರಲ್ಲಿ ಓದುತ್ತಿದ್ದಾಳೆ, ವಾಲಿಬಾಲ್ ತಂಡದಲ್ಲೂ ಇದ್ದಾಳೆ. ಪಂದ್ಯಗಳನ್ನು ಮೊಬೈಲಿನಲ್ಲಿ ನೋಡುತ್ತೇನೆ. ಪ್ರತಿ ವರ್ಷ ಅವೇ ಕಾಲೇಜುಗಳ ಜೊತೆ ಆಟ. ಯಾಕಮ್ಮಾ ಅಂದರೆ "ಅದು ನಮ್ಮ ಕಾನ್ಫರೆನ್ಸ್ ತಾತ" ಅನ್ನುತ್ತಾಳೆ. ಈ ಕಾನ್ಫರೆನ್ಸ್ ಕಟ್ಟುವವರು ಯಾರು? ಯಾರು ಯಾರೊಂದಿಗೆ ಆಡಬೇಕೆಂದು ಗೊತ್ತುಮಾಡುವವರು ಯಾರು? ಬಹಳ ಗೆಲ್ಲುತ್ತದೆ ಎಂದು ಒಂದು ಕಾಲೇಜನ್ನೇ ಹೊರಗೆ ಹಾಕಿದರಂತಲ್ಲ, ನಿಜವೆ?
– ನಿವೃತ್ತ ಅಧ್ಯಾಪಕರು, ಶಿವಮೊಗ್ಗ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ನಿಜ. ನಿಮ್ಮ ಮೊಮ್ಮಗಳು ಆಡುತ್ತಿರುವುದು ಬಹುಶಃ ಮಿನೆಸೋಟಾ ಇಂಟರ್‌ಕಾಲೇಜಿಯೇಟ್ ಅಥ್ಲೆಟಿಕ್ ಕಾನ್ಫರೆನ್ಸಿನಲ್ಲಿ. ಅದು 1920ರಲ್ಲಿ ಹುಟ್ಟಿದ್ದು. ಸೇಂಟ್ ಪಾಲ್ ನಗರದ ಸೇಂಟ್ ಥಾಮಸ್ ಅದರ ಸ್ಥಾಪಕ ಸದಸ್ಯರಲ್ಲೊಂದು. ಶತಮಾನೋತ್ಸವಕ್ಕೆ ಒಂದು ವರ್ಷ ಬಾಕಿ ಇರುವಾಗ, 2019ರ ಮೇ ತಿಂಗಳಲ್ಲಿ, ಸೇಂಟ್ ಥಾಮಸನ್ನು ಸದಸ್ಯತ್ವದಿಂದ ತೆಗೆಯಲಾಗುತ್ತಿದೆ ಎಂದು ಕಾನ್ಫರೆನ್ಸ್ ಪ್ರಕಟಿಸಿತು. ರಾಜೀನಾಮೆ ಎಂಬ ಮುಸುಕೂ ಇರಲಿಲ್ಲ. ಅದರ ಇಚ್ಛೆಗೆ ವಿರುದ್ಧವಾಗಿಯೇ ತೆಗೆಯುತ್ತಿದ್ದೇವೆ ಎಂದು ಹೇಳಿಯೇ ತೆಗೆದರು. ಗಂಟುಮೂಟೆ ಕಟ್ಟಲು 2021ರ ಬೇಸಿಗೆಯವರೆಗೆ ಸಮಯ ಕೊಟ್ಟರು. ಕೊಟ್ಟ ಕಾರಣ, ಆಟದಲ್ಲಿ ಸಮಬಲ ಉಳಿದಿಲ್ಲ ಎಂಬುದು.

ಸಮಬಲ ಉಳಿದಿರಲಿಲ್ಲ ಎಂಬುದರಲ್ಲಿ ಸುಳ್ಳೇನೂ ಇಲ್ಲ. 2017ರಲ್ಲಿ ಸೇಂಟ್ ಥಾಮಸ್ ಫುಟ್‌ಬಾಲ್ ತಂಡ (ಅಮೆರಿಕನ್ ಫುಟ್‌ಬಾಲ್, ಕೈಯಲ್ಲಿ ಹಿಡಿದು ಓಡುವ ಆಟ) ಸೇಂಟ್ ಓಲಾಫ್ ಕಾಲೇಜನ್ನು 97–0 ಅಂತರದಲ್ಲಿ ಸೋಲಿಸಿತ್ತು. ಪುರುಷರ ಬ್ಯಾಸ್ಕೆಟ್‌ಬಾಲಿನಲ್ಲಿ ಡಿವಿಷನ್ ಮೂರರ (ಇಂಥ ಕಾಲೇಜುಗಳ ವರ್ಗ, ಮುಂದೆ ಹೇಳುತ್ತೇನೆ) 2011 ಮತ್ತು 2016ರ ರಾಷ್ಟ್ರೀಯ ಪಟ್ಟ ಅದರದ್ದು. ನಿಮ್ಮ ಮೊಮ್ಮಗಳ ಆಟದಲ್ಲೂ, ಅಂದರೆ ಮಹಿಳೆಯರ ವಾಲಿಬಾಲಿನಲ್ಲೂ, 2012ರಲ್ಲಿ ಡಿವಿಷನ್ ಮೂರರ ರಾಷ್ಟ್ರೀಯ ಚಾಂಪಿಯನ್ ಅದೇ. ಅಲ್ಲಿ ಪದವಿ ವಿದ್ಯಾರ್ಥಿಗಳೇ 6,000ಕ್ಕೂ ಹೆಚ್ಚು. ಎದುರಿಗೆ ನಿಲ್ಲುವ ಕಾರ್ಲ್ಟನ್, ಮೆಕಾಲೆಸ್ಟರ್ ತರಹದ ಕಾಲೇಜುಗಳಲ್ಲಿ ಸುಮಾರು 2,000.

ಇಷ್ಟು ಹೇಳಿ ಬಿಟ್ಟರೆ, ಸೋತವರೆಲ್ಲ ಸೇರಿ ಗೆದ್ದವನನ್ನು ಓಡಿಸಿದರು ಎಂಬ ಕಥೆಯಾಗುತ್ತದೆ. ಪತ್ರಿಕೆಗಳಿಗೆ ಬೇಕಾದದ್ದೂ ಅಷ್ಟೇ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಕಾನ್ಫರೆನ್ಸ್ ಎಂಬ ಏರ್ಪಾಡು ಇರುವುದು ಯಾರು ಮೇಲು ಎಂದು ತೀರ್ಮಾನಿಸುವುದಕ್ಕೆ ಅಂದುಕೊಂಡರೆ ಈ ಉಚ್ಚಾಟನೆ ನಾಚಿಕೆಗೇಡಿನದು. ಆದರೆ ಸಣ್ಣ ಕಾಲೇಜುಗಳಲ್ಲಿ ಅದರ ಮೊದಲ ಕೆಲಸ ಬೇರೆಯೇ ಇದೆ: ಕ್ಯಾಲೆಂಡರ್ ತುಂಬಿಸುವುದು.

ನಮ್ಮಲ್ಲಿ ಈ ತಲೆನೋವು ಇಲ್ಲ. ನಿಮ್ಮೂರಿನ ಕಾಲೇಜು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ, ವಿಶ್ವವಿದ್ಯಾಲಯದ ಇಂಟರ್ ಕಾಲೇಜಿಯೇಟ್ ಟೂರ್ನಿ ಯಾವಾಗ, ಯಾವ ಕಾಲೇಜಿನ ಮೈದಾನದಲ್ಲಿ ಎಂದು ಸುತ್ತೋಲೆ ಬರುತ್ತದೆ. ಫಿಸಿಕಲ್ ಡೈರೆಕ್ಟರ್ ಹುಡುಗರನ್ನು ಬಸ್ಸು ಹತ್ತಿಸುತ್ತಾರೆ. ನಾಕೌಟ್ ಆದರೆ, ಮೊದಲ ಪಂದ್ಯ ಸೋತವರ ಪಾಲಿಗೆ ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಚೆನ್ನಾಗಿ ಆಡಿದವರು ವಿಶ್ವವಿದ್ಯಾಲಯದ ತಂಡ ಸೇರಿ ಸೌತ್ ಝೋನ್‌ಗೆ ಹೋಗುತ್ತಾರೆ. ಅಮೆರಿಕದ ಸಣ್ಣ ಕಾಲೇಜಿಗೆ ಹೀಗೆ ಮೇಲೊಂದು ವಿಶ್ವವಿದ್ಯಾಲಯವಿಲ್ಲ. ಸುತ್ತೋಲೆ ಕಳಿಸುವವರಿಲ್ಲ. ಅದರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಚಳಿಗಾಲದಲ್ಲಿ 25 ಪಂದ್ಯ ಬೇಕು, ಫುಟ್‌ಬಾಲ್ ತಂಡಕ್ಕೆ 10. ಪ್ರತಿ ಪಂದ್ಯಕ್ಕೂ ಎದುರಾಳಿ, ದಿನ, ಅಂಗಳ, ರೆಫ್ರಿ, ಬಸ್ಸು. ಹೀಗೆ ಇಪ್ಪತ್ತು ತಂಡಗಳಿಗೆ ಹೊಂದಿಸಬೇಕು. ಒಬ್ಬೊಬ್ಬ ಕೋಚ್ ಒಂದೊಂದು ಪಂದ್ಯಕ್ಕೆ ಫೋನು ಹಿಡಿದು ಕೂತರೆ ಆಟ ಕಲಿಸುವುದು ಯಾವಾಗ?

ಆದ್ದರಿಂದ ಹತ್ತಿರವಿರುವ, ಹೆಚ್ಚುಕಡಿಮೆ ಒಂದೇ ಗಾತ್ರದ, ಒಂದೇ ಬಗೆಯ ಕಾಲೇಜುಗಳು ಸೇರಿ ಒಪ್ಪಂದ ಮಾಡಿಕೊಳ್ಳುತ್ತವೆ. ಮಹಿಳಾ ವಾಲಿಬಾಲಿನಲ್ಲಿ 12 ಕಾಲೇಜುಗಳಿದ್ದರೆ ಒಬ್ಬೊಬ್ಬರ ಜೊತೆ ಒಂದೊಂದು ಆಟದಂತೆ 11 ಪಂದ್ಯ. ನಿಮ್ಮ ಮೊಮ್ಮಗಳು ಪ್ರತಿ ವರ್ಷ ಅವೇ ಮುಖಗಳನ್ನು ನೋಡುವುದು ಇದರಿಂದ. ಪುರುಷರ ಬ್ಯಾಸ್ಕೆಟ್‌ಬಾಲಿನಲ್ಲಿ 11 ತಂಡಗಳಿದ್ದರೆ, ತವರಿನಲ್ಲೊಂದು ಅವರಲ್ಲೊಂದು ಎಂದು 20 ಪಂದ್ಯ. ಇಪ್ಪತ್ತೈದರಲ್ಲಿ ಉಳಿದದ್ದು ಐದು. ಅವನ್ನು ಮಾತ್ರ ಕೋಚ್ ತಾನೇ ಹುಡುಕಿಕೊಂಡರಾಯಿತು. ಆ ಐದರಲ್ಲಿ ಕೋಚ್‌ಗಳ ಜಾಣತನವೆಲ್ಲ ಕಾಣುತ್ತದೆ. ಬಲವಾದವರೊಂದಿಗೆ ಆಡಿದರೆ ರಾಷ್ಟ್ರೀಯ ಟೂರ್ನಿಯ ಆಯ್ಕೆಯ ಲೆಕ್ಕದಲ್ಲಿ ತೂಕ ಹೆಚ್ಚು. ದುರ್ಬಲರೊಂದಿಗೆ ಆಡಿದರೆ ಹುಡುಗರಿಗೆ ಹುರುಪು, ಕೆಲವೊಮ್ಮೆ ದಾಖಲೆಯೂ ಸಿಗುತ್ತದೆ. 2012ರ ನವೆಂಬರಿನಲ್ಲಿ ಅಯೋವಾದ ಗ್ರಿನೆಲ್ ಕಾಲೇಜಿನ ಜ್ಯಾಕ್ ಟೇಲರ್ ಒಂದೇ ಪಂದ್ಯದಲ್ಲಿ 138 ಅಂಕ ಗಳಿಸಿ ಜಗತ್ತಿಗೇ ಸುದ್ದಿಯಾದದ್ದು ಇಂಥದ್ದೇ ಪಂದ್ಯದಲ್ಲಿ, ಒಂದು ಪುಟ್ಟ ಬೈಬಲ್ ಕಾಲೇಜಿನ ಮೇಲೆ.

ಲೀಗಿನ ಪಟ್ಟಿ ಹಾಕುವುದು ಕಾನ್ಫರೆನ್ಸಿನ ಕಚೇರಿ. ಅವರು ಮೊದಲು ತೆರೆಯುವುದು ನಕ್ಷೆಯನ್ನು. ಸೇಂಟ್ ಪಾಲ್ ನಗರವೊಂದರಲ್ಲೇ ಮೆಕಾಲೆಸ್ಟರ್, ಹ್ಯಾಮ್ಲಿನ್, ಸೇಂಟ್ ಕ್ಯಾಥರೀನ್ ಇವೆ. ಮಿನಿಯಾಪೊಲಿಸಿನ ಆಗ್ಸ್‌ಬರ್ಗ್ ನದಿಯಾಚೆಗೆ. ಸೇಂಟ್ ಓಲಾಫ್, ಕಾರ್ಲ್ಟನ್ ಎರಡೂ ನಾರ್ತ್‌ಫೀಲ್ಡ್ ಎಂಬ ಒಂದೇ ಊರಿನಲ್ಲಿವೆ. ಇವುಗಳ ನಡುವಿನ ಪಂದ್ಯ ವಾರದ ನಡುವೆ, ಬುಧವಾರ ಸಂಜೆ ಇಟ್ಟರೂ ಆದೀತು. ಆಟ ಮುಗಿಸಿ ಬಂದು ಮರುದಿನದ ಕ್ಲಾಸಿಗೆ ಓದಿಕೊಳ್ಳಬಹುದು. ಆದರೆ ಕಾಂಕಾರ್ಡಿಯಾ ಇರುವುದು ಉತ್ತರ ಡಕೋಟಾದ ಗಡಿಗೆ ಅಂಟಿಕೊಂಡ ಮೂರ್‌ಹೆಡ್‌ನಲ್ಲಿ. ನಾರ್ತ್‌ಫೀಲ್ಡಿನಿಂದ ನಾನೂರು ಕಿಲೋಮೀಟರಿಗೂ ಹೆಚ್ಚು, ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದ ಹಾಗೆ. ಜನವರಿಯಲ್ಲಿ ಹಿಮ ಬೀಳುವಾಗ ಆ ದಾರಿಯಲ್ಲಿ ರಾತ್ರಿ ಬಸ್ಸು ಓಡಿಸಲು ಯಾರಿಗೂ ಮನಸ್ಸಿಲ್ಲ. ಅಂಥ ಪಂದ್ಯಕ್ಕೆ ಶನಿವಾರವೇ ಅನುಕೂಲ. ಪುರುಷರ, ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ಒಂದೇ ದಿನ ಬೆನ್ನುಬೆನ್ನಿಗೆ ಇಟ್ಟರೆ ಖರ್ಚೂ ತಗ್ಗುತ್ತದೆ. ಸೆಮಿಸ್ಟರ್ ಪರೀಕ್ಷೆಯ ವಾರ ಖಾಲಿ ಬಿಡಬೇಕು. ಇದೆಲ್ಲ ಕೂಡಿಸಿ ಕಳೆದ ಮೇಲೆ ಉಳಿಯುವುದೇ ಪಂದ್ಯಪಟ್ಟಿ.

ಹೀಗೆ ಒದ್ದಾಡುವುದಕ್ಕೆ ಕಾರಣ, ಈ ಕಾಲೇಜುಗಳು ಡಿವಿಷನ್ ಮೂರಕ್ಕೆ ಸೇರಿದವು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ 1973ರಲ್ಲಿ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿತು. ಮೂರನೆಯದರಲ್ಲಿ ನಾನೂರಕ್ಕೂ ಹೆಚ್ಚು ಕಾಲೇಜುಗಳಿದ್ದು, ಅಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಟಿವಿ ಹಣವೂ ಹೇಳಿಕೊಳ್ಳುವಷ್ಟು ಇಲ್ಲ. ಮಕ್ಕಳು ಫೀಸು ಕಟ್ಟಿ ಬಂದು ಆಡುತ್ತಾರೆ. ಕೆಲವು ಕಾಲೇಜುಗಳಲ್ಲಂತೂ ಮೂವರಲ್ಲಿ ಒಬ್ಬರು ಯಾವುದಾದರೊಂದು ತಂಡದಲ್ಲಿರುತ್ತಾರೆ. ಹಾಗಾಗಿ ಯಾವ ಕಾನ್ಫರೆನ್ಸಿನಲ್ಲಿರಬೇಕು ಎಂಬುದು ಕ್ರೀಡಾ ವಿಭಾಗದ ವಿಷಯವಷ್ಟೇ ಅಲ್ಲ, ಅಡ್ಮಿಷನ್ನಿನ ವಿಷಯವೂ ಹೌದು. ಪಕ್ಕದಲ್ಲಿ ಯಾರ ಹೆಸರಿದೆ ನೋಡಿ ತಂದೆತಾಯಿಗಳು ಕಾಲೇಜನ್ನು ಅಳೆಯುತ್ತಾರೆ. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಮತ ಹಾಕುವವರು ಕೋಚ್‌ಗಳಲ್ಲ, ಕಾಲೇಜುಗಳ ಅಧ್ಯಕ್ಷರು.

ಈಗ ಸೇಂಟ್ ಥಾಮಸ್ ಪ್ರಕರಣ ಬೇರೆಯಾಗಿ ಕಾಣುತ್ತದೆ. ಕಾನ್ಫರೆನ್ಸ್ ನಮ್ಮ ಚೀಟಿ ಗುಂಪಿನ ಹಾಗೆ. ಎಲ್ಲರೂ ಕಟ್ಟುತ್ತಿದ್ದರೆ ಎಲ್ಲರಿಗೂ ಸರದಿ. ನಾಲ್ಕು ಜನ ಎದ್ದು ಹೋದರೆ ಉಳಿದವರ ದುಡ್ಡಿಗೂ ಕುತ್ತು. 2019ರ ವಸಂತದಲ್ಲಿ ಮಿನೆಸೋಟಾದಲ್ಲಿ ಹರಡಿದ್ದ ಸುದ್ದಿ ಅದೇ: ಕೆಲವು ಕಾಲೇಜುಗಳು ಹೊರಬಿದ್ದು ಬೇರೆ ಗುಂಪು ಕಟ್ಟುವ ಮಾತಾಡುತ್ತಿವೆ ಎಂದು. ಆಗ ಇದ್ದ ಸದಸ್ಯರು 13. ಒಬ್ಬರನ್ನು ಕಳಿಸಿ ಹನ್ನೆರಡನ್ನು ಉಳಿಸಿಕೊಳ್ಳುವುದೋ, ಒಬ್ಬರನ್ನು ಇಟ್ಟುಕೊಂಡು ಇಡೀ ಗುಂಪನ್ನೇ ಒಡೆಯುವುದೋ? ಅಧ್ಯಕ್ಷರು ಮಾಡಿದ ಲೆಕ್ಕ ನನಗೆ ತಪ್ಪು ಅನ್ನಿಸುವುದಿಲ್ಲ. ಸಮಬಲ ಎಂಬ ಮಾತಿನ ಹಿಂದೆ ಅಡಗಿಕೊಂಡದ್ದು ಮಾತ್ರ ಸರಿಕಾಣಲಿಲ್ಲ. ಸೇಂಟ್ ಥಾಮಸ್ ದೊಡ್ಡದಾಗಿ ಬೇರೆಯೇ ಜಾತಿಯ ಸಂಸ್ಥೆಯಾಗಿತ್ತು, ನೇರವಾಗಿ ಹಾಗೆಂದೇ ಹೇಳಬಹುದಿತ್ತು.

ಸಮಬಲವೇ ನಿಜವಾದ ಕಾರಣವಾಗಿದ್ದರೆ ಕ್ಯಾಲ್‌ಟೆಕ್ ಎಂದೋ ಹೊರಗಿರಬೇಕಿತ್ತು. ಹೌದು, ನೊಬೆಲ್ ವಿಜ್ಞಾನಿಗಳ ಕ್ಯಾಲ್‌ಟೆಕ್ಕೇ. ದಕ್ಷಿಣ ಕ್ಯಾಲಿಫೋರ್ನಿಯಾದ ಕಾನ್ಫರೆನ್ಸ್ 1915ರಲ್ಲಿ ಶುರುವಾದಾಗ ಅದೂ ಸ್ಥಾಪಕ ಸದಸ್ಯ. ಪದವಿ ವಿದ್ಯಾರ್ಥಿಗಳು ಸುಮಾರು ಸಾವಿರ. 1985ರಲ್ಲಿ ಒಂದು ಲೀಗ್ ಪಂದ್ಯ ಗೆದ್ದ ಅದರ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಆಮೇಲೆ ಸತತ 310 ಲೀಗ್ ಪಂದ್ಯ ಸೋತಿತು. 310! ಆ ತಂಡದಲ್ಲಿ ಆಡಿ, ಒಂದು ಲೀಗ್ ಪಂದ್ಯವನ್ನೂ ಗೆಲ್ಲದೆ, ಭೌತಶಾಸ್ತ್ರವನ್ನೋ ಎಂಜಿನಿಯರಿಂಗನ್ನೋ ಓದಿ ಹೊರಬಿದ್ದ ತಲೆಮಾರುಗಳೇ ಇವೆ. 2011ರ ಫೆಬ್ರುವರಿ 22ರಂದು, ಆ ವರ್ಷದ ಕೊನೆಯ ಪಂದ್ಯದಲ್ಲಿ, ಆಕ್ಸಿಡೆಂಟಲ್ ಕಾಲೇಜಿನ ವಿರುದ್ಧ ಆಟ ಮುಗಿಯಲು ಮೂರು ಸೆಕೆಂಡಿನಷ್ಟು ಬಾಕಿ ಇರುವಾಗ ರಯಾನ್ ಎಲ್ಮ್‌ಕ್ವಿಸ್ಟ್ ಒಂದು ಫ್ರೀ ಥ್ರೋ ಹಾಕಿದ. 46–45. ಈ 26 ವರ್ಷ ಕ್ಯಾಲ್‌ಟೆಕ್ ಕಾನ್ಫರೆನ್ಸಿನಲ್ಲೇ ಇತ್ತು. ಅದು ಸಣ್ಣದು, ಪಾಸಡೀನಾದಲ್ಲಿ ಇದೆ, ಬಹುತೇಕ ಎದುರಾಳಿಗಳಿಗೆ ಒಂದೆರಡು ಗಂಟೆಯ ದಾರಿ, ಹೇಳಿದ ದಿನ ಹೇಳಿದ ಹೊತ್ತಿಗೆ ತಂಡ ಕಳಿಸುತ್ತದೆ. ಪಂದ್ಯಪಟ್ಟಿ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಸದಸ್ಯ ಬೇಕೆ?

ಸೋಲು ತಾಳಲಾರದವರಿಗೆ ನಡುದಾರಿಯೂ ಇದೆ. ಮೆಕಾಲೆಸ್ಟರ್ ಫುಟ್‌ಬಾಲ್ ತಂಡ 1974ರಿಂದ 1980ರವರೆಗೆ ಸತತ 50 ಪಂದ್ಯ ಸೋತು ಹೆಸರಾಗಿತ್ತು. 2001ರ ಋತುವಿನ ನಂತರ ಅದು ಉಳಿದ ಆಟಗಳಲ್ಲಿ ಮಿನೆಸೋಟಾ ಕಾನ್ಫರೆನ್ಸಿನಲ್ಲೇ ಇದ್ದು, ಫುಟ್‌ಬಾಲನ್ನು ಮಾತ್ರ ಹೊರಗೆ ಒಯ್ದಿತು. ಮೊದಲು ಸ್ವತಂತ್ರವಾಗಿ, ಆಮೇಲೆ ಮಿಡ್‌ವೆಸ್ಟ್ ಕಾನ್ಫರೆನ್ಸಿನಲ್ಲಿ. ಸೇಂಟ್ ಥಾಮಸ್ ಹೊರಟ 2021ರಲ್ಲೇ ವಾಪಸ್ ಬಂತು. ಅಂದರೆ ಒಂದು ಕಾಲೇಜು ಒಂದೇ ಕಾನ್ಫರೆನ್ಸಿನಲ್ಲಿರಬೇಕು ಎಂದೇನಿಲ್ಲ. ಈಗ ಬಿಗ್ ಟೆನ್ ಎಂದು ಕರೆಯುವ ದೈತ್ಯ ಕಾನ್ಫರೆನ್ಸಿನ ಸ್ಥಾಪಕರಲ್ಲೊಂದಾದ ಶಿಕಾಗೊ ವಿಶ್ವವಿದ್ಯಾಲಯ 1939ರಲ್ಲಿ ಫುಟ್‌ಬಾಲನ್ನೇ ಬಿಟ್ಟು, 1946ರಲ್ಲಿ ಆ ಕೂಟದಿಂದಲೂ ಹೊರಬಂದಿತ್ತು. ಇಂದು ಅದರ ಬಹುತೇಕ ತಂಡಗಳು ನ್ಯೂಯಾರ್ಕ್, ಅಟ್ಲಾಂಟಾಗಳಿಗೆ ವಿಮಾನದಲ್ಲಿ ಹೋಗುವ ಒಂದು ಕಾನ್ಫರೆನ್ಸಿನಲ್ಲಿವೆ, ಆದರೆ ಫುಟ್‌ಬಾಲ್ ಮಿಡ್‌ವೆಸ್ಟಿನಲ್ಲಿ. ದುಡ್ಡಿದ್ದವರ ಮಾತು ಬೇರೆ.

ಸೇಂಟ್ ಥಾಮಸ್ ಏನಾಯಿತು ಎಂದರೆ, ಅದು ಕೆಳಗಿನಿಂದ ನೇರ ಮೇಲಕ್ಕೆ ಹಾರಿತು. ಡಿವಿಷನ್ ಮೂರರಿಂದ ಒಂದಕ್ಕೆ ಹೋಗಲು ನಡುವೆ ಎರಡನ್ನು ಹಾಯ್ದೇ ಹೋಗಬೇಕಿತ್ತು. 2020ರಲ್ಲಿ ಎನ್‌ಸಿಎಎ ವಿಶೇಷ ಅನುಮತಿ ಕೊಟ್ಟಿತು. 2021ರಿಂದ ಅದರ ಬ್ಯಾಸ್ಕೆಟ್‌ಬಾಲ್ ತಂಡ ಡೆನ್ವರ್, ಟಲ್ಸಾಗಳಿಗೆ ಹೋಗಿ ಆಡತೊಡಗಿತು. ಮೆಕಾಲೆಸ್ಟರ್ ಪಕ್ಕದ ಬೀದಿಗಳಲ್ಲೇ ಇದ್ದರೂ ಪಟ್ಟಿಯಲ್ಲಿಲ್ಲ. ಲೀಗಿಗೂ ನಷ್ಟವಾಯಿತು. ಸೇಂಟ್ ಥಾಮಸ್–ಸೇಂಟ್ ಜಾನ್ಸ್ ಫುಟ್‌ಬಾಲ್ ಪಂದ್ಯವೆಂದರೆ ಅಲ್ಲಿ ಜಾತ್ರೆ. 2017ರಲ್ಲಿ ಅದನ್ನು ಮಿನಿಯಾಪೊಲಿಸಿನ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ನಡೆಸಿದಾಗ 37,355 ಜನ ಸೇರಿದ್ದರು, ಡಿವಿಷನ್ ಮೂರರಲ್ಲಿ ಅಷ್ಟು ಜನ ಅದುವರೆಗೆ ಎಂದೂ ಸೇರಿರಲಿಲ್ಲ. ಆ ಪಂದ್ಯ ಈಗ ಪಂದ್ಯಪಟ್ಟಿಯಲ್ಲಿಲ್ಲ. ಖಾಲಿಯಾದ ಜಾಗಕ್ಕೆ ಡುಲೂತ್ ಊರಿನ ಸೇಂಟ್ ಸ್ಕೊಲಾಸ್ಟಿಕಾ ಬಂತು. ಅದರಿಂದ ಲೆಕ್ಕ ಸರಿಹೋಯಿತು, ಜಾತ್ರೆಯೇನೂ ಮರಳಲಿಲ್ಲ.

ಕಾನ್ಫರೆನ್ಸ್ ಸೇರದೆ ಒಂಟಿಯಾಗಿ ಆಡಬಹುದೆ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಆಡಬಹುದು, ಆದರೆ ರಾಷ್ಟ್ರೀಯ ಟೂರ್ನಿಗೆ ಹೋಗುವುದು ಕಷ್ಟ. ಸಾಕಷ್ಟು ಸದಸ್ಯರಿರುವ (ಬಹುಕಾಲ ಏಳು ಕಾಲೇಜು ಎಂಬ ನಿಯಮವಿತ್ತು) ಕಾನ್ಫರೆನ್ಸಿನ ಚಾಂಪಿಯನ್‌ಗೆ ಟೂರ್ನಿಯಲ್ಲಿ ನೇರ ಪ್ರವೇಶ. ಒಂಟಿ ಕಾಲೇಜುಗಳು ಉಳಿದ ಕೆಲವೇ ಸ್ಥಾನಗಳಿಗೆ ಕಾಯಬೇಕು. ಈ ನಿಯಮದಿಂದಾಗಿ ಒಂದು ವಿಚಿತ್ರ ಕಾನ್ಫರೆನ್ಸೂ ಹುಟ್ಟಿದೆ. ವಾಷಿಂಗ್ಟನ್ ಸುತ್ತಮುತ್ತಲ ಕಾಲೇಜುಗಳ ಒಂದು ಹಳೆಯ ಕಾನ್ಫರೆನ್ಸ್ ಸದಸ್ಯರನ್ನು ಕಳೆದುಕೊಂಡು ಸಣ್ಣದಾದಾಗ, ಯಾರೂ ಸೇರಿಸಿಕೊಳ್ಳದೆ ಉಳಿದಿದ್ದ ದೂರದ ಕಾಲೇಜುಗಳನ್ನು ಕರೆದು, 2020ರಲ್ಲಿ ಕೋಸ್ಟ್ ಟು ಕೋಸ್ಟ್ ಎಂದು ಹೆಸರು ಬದಲಿಸಿಕೊಂಡಿತು. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಈ ಕಡೆ, ವರ್ಜೀನಿಯಾದ ಕ್ರಿಸ್ಟೋಫರ್ ನ್ಯೂಪೋರ್ಟ್ ಆ ಕಡೆ. ನಡುವೆ ಇಡೀ ಅಮೆರಿಕ ಖಂಡ. ಋತುವಿಡೀ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಬೇಕೆಂದಿಲ್ಲ, ತಂತಮ್ಮ ಊರಿನ ಸುತ್ತ ಸಿಕ್ಕವರ ಜೊತೆ ಆಡಿಕೊಂಡಿರುತ್ತಾರೆ. ಕೊನೆಗೊಂದು ವಾರ ಎಲ್ಲರೂ ಒಂದು ಕಡೆ ಸೇರಿ ಟೂರ್ನಿ ಆಡಿ, ಗೆದ್ದವರು ಆ ನೇರ ಪ್ರವೇಶ ಪಡೆದು ಹೋಗುತ್ತಾರೆ.