ಗಣಕಯಂತ್ರದೊಳಗೊಂದು ಮರಳ ಪೆಟ್ಟಿಗೆ



ಹಿಂದಿನ ಕೂಲಿಮಠಗಳಲ್ಲಿ ಅಯ್ಯನವರು ಹುಡುಗರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ತಪ್ಪಿದರೆ ಅಂಗೈಯಿಂದ ಸವರಿಬಿಟ್ಟರಾಯಿತು. ಕಾಗದ ಕೆಡುತ್ತಿರಲಿಲ್ಲ, ಮಸಿಯೂ ಖರ್ಚಾಗುತ್ತಿರಲಿಲ್ಲ. ಇಂಗ್ಲಿಷಿನವರು 'ಸ್ಯಾಂಡ್‌ಬಾಕ್ಸ್' ಎಂದು ಕರೆಯುವ ಏರ್ಪಾಡು ಗಣಕಯಂತ್ರದಲ್ಲಿ ಇದೇ ಕೆಲಸವನ್ನು ಮಾಡುತ್ತದೆ.

ನಮ್ಮಂಥವರಿಗೆ ಇದರ ಗೊಡವೆ ಏಕೆಂದು ಕೆಲವರು ಕೇಳಬಹುದು. ಕನ್ನಡದಲ್ಲಿ ಕಾಗದ ಬರೆಯಲು ನಾವು ನುಡಿ, ಬರಹ ಮೊದಲಾದ ತಂತ್ರಾಂಶಗಳನ್ನು ಹಾಕಿಕೊಳ್ಳುತ್ತೇವೆ. ಅವುಗಳನ್ನು ತಯಾರಿಸಿದವರ ಸ್ವಂತ ತಾಣದಿಂದ ಪಡೆಯುವ ಬದಲು, ಸ್ನೇಹಿತರು ಪೆನ್‌ಡ್ರೈವಿನಲ್ಲಿ ಕೊಟ್ಟದ್ದನ್ನೋ ಗುರುತಿಲ್ಲದ ತಾಣದಿಂದ ಇಳಿಸಿದ್ದನ್ನೋ ಹಾಕಿಕೊಳ್ಳುವುದು ಹಲವರ ವಾಡಿಕೆ. ಹಣ ತೆತ್ತು ಕೊಳ್ಳಬೇಕಾದದ್ದಕ್ಕೆ 'ಕ್ರ್ಯಾಕ್' ಹುಡುಕುವವರೂ ಉಂಟು. ಅಂಥ ಕಡತವನ್ನು ಒತ್ತಿದೊಡನೆ, ಆ ಯಂತ್ರದಲ್ಲಿ ನಮಗೆ ಯಾವ ಕಾಗದಪತ್ರ ತೆರೆಯುವ ಅಧಿಕಾರವಿದೆಯೋ ಅದೆಲ್ಲವೂ ಅದಕ್ಕೂ ದೊರೆಯುತ್ತದೆ. ಪಿ.ಎಫ್. ಕಾಗದ, ಮಕ್ಕಳ ಅಂಕಪಟ್ಟಿ, ಬ್ರೌಸರಿನಲ್ಲಿ ಉಳಿಸಿಟ್ಟ ಬ್ಯಾಂಕಿನ ಗುಪ್ತಪದ, ಯಾವುದಕ್ಕೂ ರಕ್ಷಣೆಯಿಲ್ಲ.

ದೊಡ್ಡವರಿಗೂ ಈ ಕಾಟ ತಪ್ಪಿದ್ದಲ್ಲ. ಈ ನಾಡಿನ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಸಂಗತಿಯನ್ನೇ ನೋಡೋಣ. ಅಣುಶಕ್ತಿ ನಿಗಮದ ಒಂದು ಯಂತ್ರದೊಳಕ್ಕೆ ದುಷ್ಟ ತಂತ್ರಾಂಶ ಹೊಕ್ಕಿರುವುದನ್ನು ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು 2019ರ ಸೆಪ್ಟೆಂಬರ್ 4ರಂದು ತಿಳಿಸಿತು. ಅಕ್ಟೋಬರ್ 30ರಂದು ನಿಗಮವು ಅದು ನಿಜವೆಂದು ಒಪ್ಪಿಕೊಂಡಿತು. ಸೋಂಕು ತಗುಲಿದ್ದು ಇಂಟರ್‌ನೆಟ್ ಸಂಪರ್ಕವಿದ್ದ ಆಡಳಿತ ಕೆಲಸದ ಯಂತ್ರಕ್ಕೆ. ಮುಖ್ಯವಾದ ಒಳ ಜಾಲವನ್ನು ಅದರಿಂದ ಬೇರೆಯಾಗಿಯೇ ಇರಿಸಿದ್ದರಿಂದ ಸ್ಥಾವರಕ್ಕೆ ಬಾಧೆಯಾಗಲಿಲ್ಲವೆಂದು ನಿಗಮ ಹೇಳಿತು. ನಡುವೆ ಗೋಡೆಯಿರಬೇಕೆಂಬುದೇ ಸ್ಯಾಂಡ್‌ಬಾಕ್ಸಿನ ತತ್ತ್ವವೂ ಹೌದು.

ವಿಂಡೋಸಿನ ಪ್ರೊ, ಎಂಟರ್‌ಪ್ರೈಸ್, ಎಜುಕೇಷನ್ ಆವೃತ್ತಿಗಳಲ್ಲಿ ಈ ಸೌಕರ್ಯ 2019ರಿಂದ ಇದೆ. 'ವಿಂಡೋಸ್ ಫೀಚರ್ಸ್' ಪಟ್ಟಿಯಲ್ಲಿ 'ವಿಂಡೋಸ್ ಸ್ಯಾಂಡ್‌ಬಾಕ್ಸ್' ಎಂಬುದಕ್ಕೆ ಗುರುತು ಹಾಕಿ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಕಡಿಮೆಯೆಂದರೆ 4 ಜಿ.ಬಿ. ರ್‍ಯಾಮ್ ಬೇಕು, 8 ಇದ್ದರೆ ಲೇಸು. ತೆರೆದಾಗ ಕಿಟಕಿಯೊಳಗೆ ಇನ್ನೊಂದು ಹೊಚ್ಚ ಹೊಸ ಯಂತ್ರವೇ ಕಾಣುತ್ತದೆ. ಅದರಲ್ಲಿ ನಮ್ಮ ಕಡತಗಳಾಗಲಿ ಗುಪ್ತಪದಗಳಾಗಲಿ ಇರುವುದಿಲ್ಲ. ಸಂಶಯದ ಕಡತವನ್ನು ಹೊರಗೆ ಕಾಪಿ ಮಾಡಿ ಒಳಗೆ ಪೇಸ್ಟ್ ಮಾಡಿ, ಅಲ್ಲಿಯೇ ನಡೆಸಬೇಕು. ಕಿಟಕಿ ಮುಚ್ಚಿದೊಡನೆ ಒಳಗೆ ನಡೆದದ್ದೆಲ್ಲ ಅಳಿಸಿಹೋಗುತ್ತದೆ. ಹೋಮ್ ಆವೃತ್ತಿಯವರು ಉಚಿತವಾಗಿ ದೊರೆಯುವ ವರ್ಚುವಲ್‌ಬಾಕ್ಸ್ ಬಳಸಬಹುದು. ಸ್ಥಾಪಿಸಲು ಸ್ವಲ್ಪ ತಾಳ್ಮೆ ಬೇಕು, ಅಷ್ಟೆ.

ಒಳಗೆ ಏನನ್ನು ಗಮನಿಸಬೇಕು? ಕನ್ನಡ ಟೈಪ್ ಮಾಡಿಸಬೇಕಾದ ತಂತ್ರಾಂಶ ವೈರಸ್ ತಡೆಯನ್ನು ನಿಲ್ಲಿಸಿರೆಂದು ಕೇಳುವುದೇಕೆ? ಕೇಳದೆಯೇ ಇನ್ನೆರಡು ತಂತ್ರಾಂಶಗಳನ್ನು ತಂದು ಕೂರಿಸುವುದೇಕೆ? ಇಂಥದ್ದು ಕಂಡರೆ ಅಲ್ಲಿಗೇ ಬಿಡುವುದು ಲೇಸು. ಪರೀಕ್ಷೆಯ ವೇಳೆ ಒಳಗೆ ಬ್ಯಾಂಕಿನ ಗುಪ್ತಪದವನ್ನು ಟೈಪ್ ಮಾಡಬಾರದು. ಸ್ಯಾಂಡ್‌ಬಾಕ್ಸಿಗೆ ಇಂಟರ್‌ನೆಟ್ ಸಂಪರ್ಕ ಮೊದಲಿಂದಲೇ ಇರುತ್ತದೆ. ಆದುದರಿಂದ ಕಡತವನ್ನು ಒಳಗಿಟ್ಟ ಮೇಲೆ ವೈಫೈ ನಿಲ್ಲಿಸುವುದು ಕ್ಷೇಮ.

ಆದರೆ ಒಳಗೆ ಸುಮ್ಮನಿದ್ದುದೆಲ್ಲ ಸಾಧುವೆಂದು ತಿಳಿಯಲಾಗದು. ತಾನು ಪರೀಕ್ಷೆಯ ಕೋಣೆಯಲ್ಲಿರುವುದನ್ನು ಗುರುತಿಸಿ ಬೆಕ್ಕಿನಂತೆ ಕಣ್ಣುಮುಚ್ಚಿ ಕೂರುವ ದುಷ್ಟ ತಂತ್ರಾಂಶಗಳೂ ಇವೆ. ಅದಕ್ಕಾಗಿ ವೈರಸ್‌ಟೋಟಲ್ ತಾಣದಲ್ಲೂ ಒಮ್ಮೆ ತೋರಿಸಬೇಕು. ಅಲ್ಲಿ ಹತ್ತಾರು ಸಂಸ್ಥೆಗಳ ಪರೀಕ್ಷಕಗಳು ಒಟ್ಟಿಗೆ ನೋಡುತ್ತವೆ. ನಮ್ಮ ಚೆನ್ನೈನ ಕೆ7 ಸಂಸ್ಥೆಯದೂ ಅವುಗಳಲ್ಲೊಂದು. ಅಲ್ಲಿಗೆ ಕಳಿಸಿದ್ದನ್ನು ಬೇರೆಯವರೂ ನೋಡಬಹುದಾದ್ದರಿಂದ ಸ್ವಂತ ಕಾಗದಪತ್ರಗಳನ್ನು ಕಳಿಸಕೂಡದು.

ಮೊಬೈಲಿನ ಮಾತು ಬೇರೆ. ಮದುವೆಯ ಕರೆಯೋಲೆ, ಸಂಚಾರಿ ದಂಡದ ಚಲನ್ ಎಂದು ವಾಟ್ಸಾಪಿನಲ್ಲಿ ಬರುವ 'ಎಪಿಕೆ' ಕಡತಗಳು ಎಸ್ಸೆಮ್ಮೆಸ್ ಓದಲು ಅನುಮತಿ ಪಡೆದು ಓಟಿಪಿಯನ್ನು ಕದಿಯುತ್ತವೆ. ವಿಂಡೋಸಿನ ಈ ಪೆಟ್ಟಿಗೆ ಅಲ್ಲಿ ದೊರೆಯದು. ಕಳಿಸಿದವರು ಪರಿಚಿತರೇ ಆದರೂ ಅವರ ಮೊಬೈಲೇ ಕೆಟ್ಟಿರಬಹುದು. ಕರೆ ಮಾಡಿ ವಿಚಾರಿಸಬೇಕು. ಹಣ ಹೋಗಿದ್ದ ಪಕ್ಷದಲ್ಲಿ ಮೊದಲು 1930ಕ್ಕೆ, ಬಳಿಕ ಬ್ಯಾಂಕಿಗೆ, ತಡಮಾಡದೆ ತಿಳಿಸತಕ್ಕದ್ದು.